ಸಾಹೇಬರೇ, ನಮಗೊಂದು ಸಣ್ಣ ಕಟ್ಟೆ ಸಾಕು

ವಿಜಯಪುರ ಮಹಾನಗರ ಪಾಲಿಕೆಯ ಆಯುಕ್ತರಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೆ, ಹಾಗೇ ಭಾನುವಾರ ಸಂಜೆ ಎಲ್ಲಿಗೆ ಹೋಗೋದು ಅಂತ ಯೋಚಿಸುತ್ತ ಕೂರುವ ಊರಿನ ಎಲ್ಲರಿಗೂ,

ನಮಸ್ಕಾರ.

ನಾನು ಈ ಊರಿನವಳೇ. ಹಗಲು ಒಂದು ಪತ್ತಿನ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಒಂದು ಸಣ್ಣ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನಾವು ನಾಲ್ಕು ಜನ. ಹಾಡುಗಾರ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಗಿಟಾರಿನವನು ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ತಾಳದ ಹುಡುಗನದು ಮೊಬೈಲ್ ರಿಪೇರಿ. ಅವನು ಡೋಲಕ, ಪ್ಯಾಡು, ಕಹೋನ್ ಅನ್ನುವ ಮರದ ಡಬ್ಬಿ, ಯಾವುದು ಸಿಕ್ಕರೂ ಬಾರಿಸುತ್ತಾನೆ. ಏನೂ ಸಿಗದಿದ್ದರೆ ನಮ್ಮ ಊಟದ ಡಬ್ಬಿಯನ್ನೂ ಬಿಡುವುದಿಲ್ಲ. ಹಾಡು ನಾವೇ ಕಟ್ಟುತ್ತೇವೆ, ನಮ್ಮ ಕಡೆ ಮಾತಿನಲ್ಲೇ. ಬ್ಯಾಂಡಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ಜಾಹೀರಾತು ಅಂದುಬಿಡುತ್ತೀರಿ.

ಕೇಳುವುದು ಒಂದೇ. ಊರಿನಲ್ಲಿ ಒಂದು ಸಣ್ಣ ಕಟ್ಟೆ ಕೊಡಿ. ತಿಂಗಳಿಗೆ ಒಂದು ಭಾನುವಾರ, ಸಂಜೆ ಆರೂವರೆಯಿಂದ ಒಂಬತ್ತರವರೆಗೆ, ತಮ್ಮದೇ ಹಾಡು ಇರುವ ಸಣ್ಣ ಮೇಳಗಳು ಬಂದು ನುಡಿಸಿ ಹೋಗಲಿ. ಯಾಕೆ ಬೇಕು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ದೊಡ್ಡ ವೇದಿಕೆಗಳಿಗೆ ನಮ್ಮಲ್ಲಿ ಬರವಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇದೆ. ನವರಸಪುರ ಉತ್ಸವ ನಡೆದ ವರ್ಷ ಹೆಸರಾಂತ ಗಾಯಕರು ಬರುತ್ತಾರೆ. ಕಂದಗಲ್ಲ ಹನುಮಂತರಾಯರ ಹೆಸರಿನ ರಂಗಮಂದಿರ ಇದೆ, ಕ್ರೀಡಾಂಗಣ ಇದೆ. ಊರೂರ ಜಾತ್ರೆಗೆ ಆರ್ಕೆಸ್ಟ್ರಾ ಬರುತ್ತದೆ. ನಾನೂ ಹೋಗಿ ಕುಣಿಯುತ್ತೇನೆ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ತಾಳದ ಹುಡುಗ ಕೈ ಪಳಗಿಸಿಕೊಂಡಿದ್ದೇ ಒಂದು ಆರ್ಕೆಸ್ಟ್ರಾದಲ್ಲಿ. ಆದರೆ ಅಲ್ಲೆಲ್ಲ ಯಾರೂ ಕೇಳಿರದ ಹೊಸ ಹಾಡಿಗೆ ಜಾಗ ಇಲ್ಲ. ಸಾವಿರಾರು ಜನರ ಮುಂದೆ ಹೊಸ ಹಾಡು ಎತ್ತಿದರೆ ಸಾವಿರಾರು ಜನ ಮೊಬೈಲ್ ತೆಗೆಯುತ್ತಾರೆ. ಐವತ್ತು ಅರವತ್ತು ಜನರ ಮುಂದೆ ಎತ್ತಿದರೆ ಮುಂದಿನ ಸಾಲಿನವರು ದಾಕ್ಷಿಣ್ಯಕ್ಕಾದರೂ ಕೇಳುತ್ತಾರೆ. ಎರಡನೇ ಚರಣ ಬರುವಷ್ಟರಲ್ಲಿ ದಾಕ್ಷಿಣ್ಯ ಮರೆತು ನಿಜವಾಗಲೂ ಕೇಳತೊಡಗುತ್ತಾರೆ. ಆ ಬದಲಾವಣೆ ಮುಖದ ಮೇಲೆ ಕಾಣುತ್ತದೆ. ಅದನ್ನು ನೋಡುವುದಕ್ಕೇ ನಾವು ಡ್ರಮ್ಮು, ಸ್ಪೀಕರ್ ಬಾಕ್ಸು ಎಲ್ಲ ಟಂಟಂ ಗಾಡಿಯಲ್ಲಿ ಹೇರಿಕೊಂಡು ಊರೂರು ತಿರುಗುವುದು.

ಪೆಟ್ರೋಲ್ ಖರ್ಚು ಕಳೆದರೆ ಒಬ್ಬೊಬ್ಬರಿಗೆ ಒಂದು ಊಟದ ದುಡ್ಡು ಉಳಿದರೆ ಹೆಚ್ಚು. ಆ ವಿಷಯ ಅಷ್ಟಕ್ಕೇ ಬಿಡಿ.

ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬಹುದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಹಾಕಿದ್ದೇವೆ. ಅಲ್ಲಿ ಎಷ್ಟು ಜನ ನೋಡಿದರು ಅಂತ ಗೊತ್ತಾಗುತ್ತದೆ. ಯಾವ ಸಾಲಿಗೆ ನಕ್ಕರು, ಯಾವ ಸಾಲಿಗೆ ಎದ್ದು ಚಹಾಕ್ಕೆ ಹೋದರು ಅನ್ನುವುದು ಗೊತ್ತಾಗುವುದಿಲ್ಲ. ಪ್ರಾಕ್ಟೀಸು ಮಾಡುವ ಗೋದಾಮಿನಲ್ಲಿ ಎಷ್ಟೋ ಸಲ ನುಡಿಸಿದ ಹಾಡು ಜನರ ಮುಂದೆ ಬೇರೆಯೇ ಹಾಡಾಗುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ನಮ್ಮದೊಂದು ಲಿಂಬೆಹಣ್ಣಿನ ಹಾಡಿದೆ. ಬೆಳೆದವನು ಪೇಟೆಗೆ ಬರುತ್ತಾನೆ, ರೇಟು ಬಿದ್ದಿರುತ್ತದೆ, ಚೀಲ ಹೊತ್ತು ತಿರುಗಿ ಹೋಗಲೂ ಆಗದೆ ಮಾರಲೂ ಆಗದೆ ನಿಲ್ಲುತ್ತಾನೆ. ಬಹಳ ದುಃಖದ ಹಾಡು ಅಂತಲೇ ಕಟ್ಟಿದ್ದೆವು. ನಿಧಾನ ಲಯ, ಉದ್ದ ಆಲಾಪ, ಎಲ್ಲ ಇತ್ತು. ಅದನ್ನು ಮೊದಲ ಸಲ ಜನರೆದುರು ಹಾಡಿದ್ದು ಇಂಡಿ ಕಡೆಯ ಒಂದು ಹಳ್ಳಿಯಲ್ಲಿ. ಎದುರು ಕೂತವರೆಲ್ಲ ಲಿಂಬೆ ಬೆಳೆಯುವವರು. ಎರಡನೇ ಸಾಲಿಗೇ ನಗು ಶುರುವಾಯಿತು. ನಮ್ಮ ಹಾಡುಗಾರ ಹಾಡಿನಲ್ಲಿ ಒಂದು ರೇಟು ಹೇಳಿದರೆ ಹಿಂದಿನಿಂದ ಒಬ್ಬರು ಕೂಗಿದರು: ‘ಅಷ್ಟಕ್ಕ ಯಾರ ಕೊಡ್ತಾರೋ ತಮ್ಮಾ, ಇನ್ನೊಂದೀಟ ಏರಸು!’ ಅವನು ಏರಿಸಿದ. ಇನ್ನೊಬ್ಬರು ಇಳಿಸಿದರು. ಹರಾಜು ಕೂಗಿದಂತೆ ಆ ಕಡೆ ಈ ಕಡೆ ನಡೆಯಿತು. ತಾಳದ ಹುಡುಗ ತಾನಾಗೇ ಲಯ ಏರಿಸಿದ, ನಾನು ಅವನ ಹಿಂದೆ ಓಡಿದೆ. ಮುಗಿದಾಗ ಹಾಡು ಎರಡರಷ್ಟು ಉದ್ದವಾಗಿತ್ತು. ತಮ್ಮ ಕಷ್ಟವನ್ನು ನೋಡಿ ನಗುವ ಹಕ್ಕು ಅವರಿಗಿತ್ತು, ಅದನ್ನು ಅವರು ಬಳಸಿಕೊಂಡರು. ಈಗ ಆ ಹಾಡನ್ನು ಹಾಗೇ ಹಾಡುತ್ತೇವೆ. ಅದನ್ನು ಅರ್ಧ ಕಟ್ಟಿದವರು ನಾವು, ಇನ್ನರ್ಧ ಕಟ್ಟಿದವರು ಅವರು. ಇದು ಕಂಪ್ಯೂಟರಿನ ಮುಂದೆ ಕೂತರೆ ಆಗುವ ಕೆಲಸ ಅಲ್ಲ.

ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿದ ವಾದ್ಯದ ಸದ್ದು, ಹಾಕಿಕೊಂಡು ಹಾಡುವವರ ಬಗ್ಗೆ ಕೆಟ್ಟದ್ದು ಹೇಳಲು ನನಗೆ ಮನಸ್ಸಿಲ್ಲ. ನಾಲ್ಕು ವಾದ್ಯದವರಿಗೆ ಕೊಡುವ ದುಡ್ಡು ಉಳಿಯುತ್ತದೆ, ಸಂಘಟಕರಿಗೆ ಅನುಕೂಲ. ಆದರೆ ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಅಜ್ಜಿಯೊಬ್ಬಳು ಎದ್ದು ಕುಣಿದರೆ ನಾವು ಇನ್ನೆರಡು ಸುತ್ತು ನುಡಿಸುತ್ತೇವೆ. ಟ್ರ್ಯಾಕು ತನ್ನ ನಾಲ್ಕು ನಿಮಿಷ ಮುಗಿಸಿ ನಿಂತುಬಿಡುತ್ತದೆ.

ಬೇಸ್ ಗಿಟಾರ್ ಬಗ್ಗೆ ಒಂದು ಮಾತು. ನಮ್ಮ ಊರಲ್ಲಿ ಇದನ್ನು ಯಾರೂ ನೋಡಿಲ್ಲ ಅಂತಲ್ಲ, ನೋಡಿದವರು ಕಡಿಮೆ. ಇದಕ್ಕೆ ನಾಲ್ಕೇ ತಂತಿ. ಬಬಲೇಶ್ವರದ ಕಡೆ ಒಂದು ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಸಣ್ಣ ಹುಡುಗ ಕಟ್ಟೆ ಹತ್ತಿ ಬಂದು, ಬಹಳ ಕಾಳಜಿಯಿಂದ ಕೇಳಿದ: ‘ಅಕ್ಕಾರ, ನಿಮ್ಮ ಗಿಟಾರಿಂದು ಎರಡ ತಂತಿ ಹರದಾವಲ್ರಿ?’ ಇಲ್ಲಪ್ಪಾ, ಇದು ಇರೋದೇ ಹಿಂಗ ಅಂದೆ. ನಂಬಲಿಲ್ಲ. ಕೊನೆಗೆ ದಪ್ಪ ತಂತಿಯನ್ನು ಅವನ ಕೈಯಿಂದಲೇ ಮೀಟಿಸಿದೆ. ಬಾಕ್ಸಿನ ಎದುರು ನಿಂತಿದ್ದ. ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗಿತೋ ಏನೋ, ಅಂಗಿ ಎತ್ತಿ ಹೊಟ್ಟೆ ನೋಡಿಕೊಂಡ! ದೊಡ್ಡ ವೇದಿಕೆಯಾಗಿದ್ದರೆ ಆ ಹುಡುಗನನ್ನು ಮೆಟ್ಟಿಲ ಬಳಿಯೇ ತಡೆದಿರುತ್ತಿದ್ದರು.

ಅಂತರದ ವಿಷಯ ಬರೀ ಪ್ರೀತಿಯ ವಿಷಯ ಅಲ್ಲ, ಲೆಕ್ಕದ ವಿಷಯವೂ ಹೌದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನನ್ನಿಂದ ಹತ್ತು ಅಡಿ ದೂರ ಕೂತ ತಾಳದ ಹುಡುಗನ ಪೆಟ್ಟು ನನ್ನ ಕಿವಿಗೆ ಬರಲು ಸೆಕೆಂಡಿನ ನೂರನೇ ಒಂದು ಪಾಲು ಸಾಕು. ಅದು ಗೊತ್ತೇ ಆಗುವುದಿಲ್ಲ. ಐವತ್ತು ಅಡಿ ಅಗಲದ ವೇದಿಕೆಯ ಆ ತುದಿಗೆ ಅವನು, ಈ ತುದಿಗೆ ನಾನು ನಿಂತರೆ ಅದು ಇಪ್ಪತ್ತನೇ ಒಂದು ಪಾಲಿನ ಹತ್ತಿರ ಹೋಗುತ್ತದೆ. ಅಷ್ಟಾದರೆ ಲಯ ಜಾರುತ್ತದೆ. ಅದಕ್ಕೇ ದೊಡ್ಡ ಕಾರ್ಯಕ್ರಮಗಳಲ್ಲಿ ಪ್ರತಿಯೊಬ್ಬರ ಕಾಲ ಬುಡದಲ್ಲಿ ಮಾನಿಟರ್ ಅನ್ನುವ ಸ್ಪೀಕರ್ ಇಡುತ್ತಾರೆ, ಕಿವಿಗೆ ವೈರ್ ಸಿಕ್ಕಿಸುತ್ತಾರೆ. ನಮ್ಮ ಹತ್ತಿರ ಅದಕ್ಕೆಲ್ಲ ದುಡ್ಡಿಲ್ಲ. ಸಣ್ಣ ಕಟ್ಟೆಯಲ್ಲಿ ಅದರ ಅಗತ್ಯವೂ ಇಲ್ಲ. ಹಾಡುಗಾರ ಉಸಿರು ಎಳೆದುಕೊಳ್ಳುವುದು ನನಗೆ ಕೇಳುತ್ತದೆ. ಗಿಟಾರಿನವನು ಹುಬ್ಬು ಏರಿಸಿದರೆ ಇನ್ನೊಂದು ಸುತ್ತು ಅಂತ ಅರ್ಥ. ಅವನಿಗೆ ಸುಮ್ನೆ ಹುಬ್ಬು ಏರಿಸುವ ಚಾಳಿಯೂ ಇದೆ, ಅದು ಬೇರೆ ಮಾತು.

ನಮ್ಮ ಪ್ರಾಕ್ಟೀಸು ಪರಿಚಯದವರ ಜೋಳದ ಗೋದಾಮಿನಲ್ಲಿ. ಸುಗ್ಗಿ ಮುಗಿದು ಚೀಲಗಳು ಗೋಡೆತನಕ ತುಂಬಿದಾಗ ಅಲ್ಲಿ ಸದ್ದು ಬಹಳ ಚಲೋ ಇರುತ್ತದೆ. ಚೀಲಗಳು ಪ್ರತಿಧ್ವನಿಯನ್ನು ನುಂಗುತ್ತವೆ. ಮಾಲು ಹೋಗಿ ಗೋದಾಮು ಖಾಲಿಯಾದರೆ ನಾಲ್ಕು ಜನ ನುಡಿಸಿದ್ದು ಹದಿನಾರು ಜನ ನುಡಿಸಿದಷ್ಟು ಗದ್ದಲ. ಹಾಗಾಗಿ ಜೋಳದ ರೇಟು ಏರಿದ ದಿನ ಮಾಲೀಕರಿಗೆ ಖುಷಿ, ನಮಗೆ ಸಂಕಟ.

ಬಿಸಿಲಿನದೂ ಒಂದು ಕಥೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರು 40 ಡಿಗ್ರಿ ದಾಟುವುದು ಯಾರಿಗೆ ಗೊತ್ತಿಲ್ಲ? ಕಾದರೆ ಲೋಹದ ತಂತಿ ಹಿಗ್ಗುತ್ತದೆ, ಬಿಗಿ ಸಡಿಲಾಗಿ ಸ್ವರ ಇಳಿಯುತ್ತದೆ. ಡೋಲಕದ ಚರ್ಮ ಒಣ ಬಿಸಿಗೆ ಬಿಗಿಯಾಗಿ ಸ್ವರ ಏರುತ್ತದೆ. ಅಂದರೆ ಸಂಜೆ ಐದಕ್ಕೆ ಎಲ್ಲ ಹೊಂದಿಸಿ ಇಟ್ಟರೆ ಲೈಟಿನ ಕೆಳಗೆ ಏಳಕ್ಕೆ ಗಿಟಾರು ಕೆಳಗೆ, ಡೋಲಕ ಮೇಲೆ. ಇಬ್ಬರ ನಡುವೆ ಹಾಡುಗಾರ. ಪ್ರತಿ ಎರಡು ಹಾಡಿಗೆ ಒಮ್ಮೆ ನಿಂತು ಸ್ವರ ಹೊಂದಿಸಲೇಬೇಕು. ಆ ಹೊತ್ತಿನಲ್ಲಿ ಜನರ ಜೊತೆ ಮಾತಾಡುವುದು ಯಾರು? ನಾನೇ. ಸೊಸೈಟಿಯಲ್ಲಿ ಸಾಲದ ಕಂತು ಕೇಳಿ ಕೇಳಿ ಮಾತು ಕಲಿತಿದ್ದೇನೆ. ಈಗೀಗ ಕೆಲವರು ಹಾಡಿಗಿಂತ ಆ ಮಾತು ಚೆನ್ನಾಗಿತ್ತು ಅನ್ನುತ್ತಾರೆ. ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡಿದ್ದೇನೆ.

ಇನ್ನು ಕರೆಂಟು. ಅರ್ಥಿಂಗ್ ಸರಿ ಇಲ್ಲದ ಕಡೆ ಬಾಕ್ಸಿನಿಂದ ಒಂದು ಗುಂಯ್ ಸದ್ದು ಬರುತ್ತಲೇ ಇರುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ನನ್ನ ಬೇಸಿನ ದಪ್ಪ ತಂತಿಯನ್ನು ಗಿಟಾರಿನ ಕತ್ತಿನ ಮೂರನೇ ಮನೆಯಲ್ಲಿ ಒತ್ತಿದರೆ ಬರುವ ಸ್ವರ 49 ಹರ್ಟ್ಸ್. ಹೆಚ್ಚುಕಡಿಮೆ ಅದೇ ಸ್ವರ, ಆದರೆ ಪೂರ್ತಿ ಅದೇ ಅಲ್ಲ. ಪಕ್ಕದಲ್ಲಿ ಒಬ್ಬರು ಬಿಡದೆ ಸ್ವಲ್ಪ ಬೇಸುರಾಗಿ ಹಾಡುತ್ತಿದ್ದರೆ ಹೇಗಿರುತ್ತದೆ ಹೇಳಿ. ಗುಂಯ್ ಸಹಿಸಬಹುದು. ಅರ್ಥಿಂಗ್ ಇಲ್ಲದ ಕಡೆ ತುಟಿ ಮೈಕಿಗೆ ತಾಗಿ ಶಾಕ್ ಹೊಡೆಸಿಕೊಳ್ಳುವುದನ್ನು ಮಾತ್ರ ಸಹಿಸಬಾರದು. ನಮ್ಮ ಹಾಡುಗಾರ ಮೈಕಿಗೆ ಸ್ಪಂಜಿನ ಟೋಪಿ ಹಾಕಿಕೊಳ್ಳುವುದು ಸ್ಟೈಲಿಗಲ್ಲ. ಅದಕ್ಕೇ ಕಟ್ಟೆ ಕಟ್ಟಿಸುವಾಗ ಬಣ್ಣ ಬಳಿಯದಿದ್ದರೂ ನಡೆಯುತ್ತದೆ, ಅರ್ಥಿಂಗ್ ಮಾತ್ರ ಮರೆಯಬೇಡಿ.

ಕರೆಂಟು ಹೋದಾಗಲೂ ಒಂದು ಖುಷಿ ಸಿಕ್ಕಿದ್ದುಂಟು. ತಿಕೋಟಾ ಕಡೆಯ ಒಂದು ಊರಲ್ಲಿ ಗುಡಿಯ ಮುಂದಿನ ಕಟ್ಟೆಯ ಮೇಲೆ ನುಡಿಸುತ್ತಿದ್ದೆವು. ಹಾಡಿನ ನಡುವೆ ಎಲ್ಲ ಆರಿಹೋಯಿತು. ಮೈಕಿಲ್ಲ, ಗಿಟಾರಿಲ್ಲ. ಬೇಸಂತೂ ಕರೆಂಟಿಲ್ಲದೆ ಬರೀ ಕಟ್ಟಿಗೆ. ಡೋಲಕ ಮಾತ್ರ ನಡೆದಿತ್ತು. ಹಾಡುಗಾರ ನಿಲ್ಲಿಸಲು ಹೊರಟ. ಆಗ ಮೂರನೇ ಸಾಲಿನ ಒಬ್ಬ ಅಜ್ಜ ಎದ್ದರು. ‘ಏ ತಮ್ಮಾ, ಹಾಡ ನಿಂದ್ರಸಬ್ಯಾಡ’ ಅನ್ನುತ್ತ ಗುಡಿಯೊಳಗೆ ಹೋಗಿ ಭಜನಿ ತಾಳ ತಂದರು. ಕಟ್ಟೆ ಹತ್ತಿ ನನ್ನ ಪಕ್ಕ ಕೂತು ಶುರು ಮಾಡಿದರು. ಎಂಥ ಲಯ ಅಂತೀರಿ! ನಮ್ಮ ತಾಳದ ಹುಡುಗ ಬೆವರು ಒರೆಸಿಕೊಂಡು ಅವರ ಹಿಂದೆ ಹೋದ. ಹೆಂಗಸರು ಸೊಲ್ಲು ಹಿಡಿದರು. ಆ ಹಾಡನ್ನು ಅವರು ಹತ್ತು ನಿಮಿಷದ ಹಿಂದೆ ಮೊದಲ ಸಲ ಕೇಳಿದ್ದರು ಅಷ್ಟೆ. ಕರೆಂಟು ಬಂತು, ನಾನು ಬೇಸ್ ಸೇರಿಸಿದೆ, ಹಾಡು ಮುಗಿಯಿತು. ಅಜ್ಜ ಇಳಿಯಲಿಲ್ಲ. ನನ್ನ ಕಡೆ ತಿರುಗಿ ‘ಮುಂದಿಂದು ಯಾವುದವಾ?’ ಅಂದರು. ಕೊನೆಯ ಹಾಡಿನತನಕ ಅವರೇ ತಾಳ. ನಾವು ಹೊರಟಾಗ ತಾಳದ ಹುಡುಗನನ್ನು ಕರೆದು ‘ಕೈ ಚಲೋ ಐತಿ, ಖರೆ ಭಾಳ ಅವಸರ ಮಾಡ್ತಿ’ ಅಂದರು. ಅವನು ಇವತ್ತಿಗೂ ಅದನ್ನು ನೆನೆಯುತ್ತಾನೆ. ಅವಸರ ಮಾತ್ರ ಬಿಟ್ಟಿಲ್ಲ.

ಇಂಥ ಬ್ಯಾಂಡು ಗೀಂಡು ಎಲ್ಲ ಬೆಂಗಳೂರಿನವರ ಹವ್ಯಾಸ, ನಮ್ಮ ಊರಿಗೆ ಯಾಕೆ ಅಂತ ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಲಾವಣಿ ಹಾಡುವ ನಮ್ಮ ಗೀಗೀ ಮೇಳ ಏನು ಹಾಗಾದರೆ? ಮುಂದೆ ಒಬ್ಬರು ದಪ್ಪು ಹಿಡಿದು ಹಾಡುತ್ತಾರೆ. ಹಿಂದೆ ಇಬ್ಬರು, ಒಬ್ಬರ ಕೈಯಲ್ಲಿ ತುಂತುಣಿ ಅನ್ನುವ ಒಂಟಿ ತಂತಿಯ ವಾದ್ಯ, ಇನ್ನೊಬ್ಬರ ಕೈಯಲ್ಲಿ ತಾಳ. ಮೂರು ಜನ, ಮೂರು ವಾದ್ಯ, ತಮ್ಮದೇ ಹಾಡು. ಹಿಂದೆ ಕಂಪನಿ ಇಲ್ಲ, ಸಿನಿಮಾ ಇಲ್ಲ. ಹಲಸಂಗಿಯಂಥ ಊರುಗಳು ಲಾವಣಿಯಿಂದಲೇ ಹೆಸರು ಮಾಡಿದವು. ಎದುರುಬದುರು ಹಾಡುವ ಎರಡು ಪಂಗಡದಲ್ಲಿ ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಉತ್ತರ ಕೊಡುತ್ತಿದ್ದರು. ಬೆಳಗಾಗುವತನಕ ಸವಾಲು ಜವಾಬು. ಜನ ಕಂಬಳಿ ಹೊದ್ದು ಕೂತು ಕೇಳುತ್ತಿದ್ದರು. ಎದುರಿನ ಮೇಳ ಏನು ಕೇಳುತ್ತದೋ ಗೊತ್ತಿಲ್ಲ, ಅಲ್ಲೇ ಹಾಡು ಕಟ್ಟಿ ಉತ್ತರ ಕೊಡಬೇಕು. ಅದಕ್ಕಿಂತ ದೊಡ್ಡ ಲೈವ್ ಕಾರ್ಯಕ್ರಮ ಯಾವುದಿದೆ? ನಾವು ಹೊಸದೇನೂ ಮಾಡುತ್ತಿಲ್ಲ. ಒಂದು ಬೇಸ್ ಗಿಟಾರ್ ಸೇರಿಸಿದ್ದೇವೆ ಅಷ್ಟೆ.

ಇನ್ನೂ ಹಿಂದಕ್ಕೆ ಹೋಗಬೇಕೇ? ಹೋಗೋಣ. 1580ರಿಂದ 1627ರವರೆಗೆ ಈ ಊರನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಸ್ವತಃ ಹಾಡು ಕಟ್ಟುತ್ತಿದ್ದ ದೊರೆ. ದಖನಿ ಅನ್ನುವ ಇಲ್ಲಿಯ ಹಳೆಯ ಉರ್ದು ಮಾತಿನಲ್ಲಿ, ರಾಗಗಳಿಗೆ ಹೊಂದಿಸಿ ಕಟ್ಟಿದ. ತೊರವಿ ಹತ್ತಿರ ನವರಸಪುರ ಅಂತ ಹೊಸ ಊರನ್ನೇ ಎಬ್ಬಿಸಲು ಹೊರಟ. ಅಲ್ಲಿಯ ಸಂಗೀತ ಮಹಲಿನ ಗೋಡೆಗಳು ಇವತ್ತಿಗೂ ನಿಂತಿವೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ನಮ್ಮ ಗಿಟಾರಿನವನು ತನ್ನ ಗಿಟಾರಿಗೆ ಹೆಸರಿಟ್ಟಾಗ ನಾವೆಲ್ಲ ನಕ್ಕಿದ್ದೆವು. ದೊರೆಯ ಕಥೆ ಎಲ್ಲಿಂದಲೋ ಹುಡುಕಿ ತಂದು ನಮ್ಮ ಬಾಯಿ ಮುಚ್ಚಿಸಿದ. ಗೋಳಗುಮ್ಮಟದ ಎದುರಿನ ಕಟ್ಟಡ ಯಾವುದು? ನಗಾರಖಾನೆ. ನಗಾರಿ ಬಾರಿಸುವವರಿಗೆಂದೇ ಕಟ್ಟಿದ್ದು. ಈಗ ಅಲ್ಲಿ ಮ್ಯೂಸಿಯಂ ಇದೆ. ಬಾರಿಸುವವರಿಗೆ ಅಷ್ಟು ದೊಡ್ಡ ಕಟ್ಟಡ ಕಟ್ಟಿಸಿಕೊಟ್ಟಿದ್ದ ಊರಿನಲ್ಲಿ ನಾವು ಒಂದು ಕಟ್ಟೆ ಕೇಳುವುದು ಜಾಸ್ತಿ ಆಯಿತೇ?

ಹಾಗಂತ ಗೋಳಗುಮ್ಮಟದ ಒಳಗೆ ನುಡಿಸಲು ಬಿಡಿ ಅಂತ ನಾನು ಕೇಳುವುದಿಲ್ಲ. ಅದು ಬ್ಯಾಂಡಿಗೆ ಆಗಿಬರುವ ಜಾಗವೇ ಅಲ್ಲ. ಸುಮಾರು 44 ಮೀಟರ್ ಅಗಲದ ಗುಮ್ಮಟ. ಒಂದು ಚಪ್ಪಾಳೆ ಹೊಡೆದರೆ ಮತ್ತೆ ಮತ್ತೆ ತಿರುಗಿ ಬರುತ್ತದೆ. ಪಿಸುಮಾತು ಆಚೆ ಗೋಡೆಗೆ ಕೇಳುತ್ತದೆ. ಶಾಲೆಯ ಟ್ರಿಪ್ಪಿನಲ್ಲಿ ಅಲ್ಲಿ ಹೋಗಿ ಗೆಳತಿಯ ಹೆಸರು ಕೂಗದವರು ಯಾರಿದ್ದಾರೆ? ಆದರೆ ಅಲ್ಲಿ ತಾಳ ಹೊಡೆದರೆ ಮೊದಲ ಪೆಟ್ಟು ಸಾಯುವ ಮೊದಲೇ ಐದನೇ ಪೆಟ್ಟು ಬಿದ್ದಿರುತ್ತದೆ. ಹಳೆಯ ಸ್ಮಾರಕಗಳ ಹತ್ತಿರ ಬೇಸ್ ಬಾಕ್ಸು ಇಡುವುದೂ ಬೇಡ, ಆ ಕಲ್ಲು ಗಾರೆಗಳು ತಣ್ಣಗಿರಲಿ. ನಮಗೆ ಬೇಕಿರುವುದು ಬಯಲು, ಎರಡು ಮರ, ಹಿಂದೆ ಒಂದು ಗೋಡೆ. ರಂಗಮಂದಿರದ ಒಳಗಿನ ಸಭಾಂಗಣ ನಮಗೆ ದೊಡ್ಡದು, ಬಾಡಿಗೆಯೂ ಭಾರ. ಅದರ ಅಂಗಳದ ಒಂದು ಮೂಲೆ ಆದರೂ ಸಾಕು. ಇಲ್ಲ ಪಾಲಿಕೆಯ ಯಾವುದಾದರೂ ಉದ್ಯಾನದಲ್ಲಿ, ಆಸ್ಪತ್ರೆ ಶಾಲೆಗಳಿಂದ ದೂರ.

ಸದ್ದಿನ ತಕರಾರು ಬರುತ್ತದೆ ಅಂತ ನನಗೆ ಗೊತ್ತು. ಆ ತಕರಾರು ನ್ಯಾಯದ್ದೇ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ ಇರುತ್ತದೆ, ಮನೆಯಲ್ಲಿ ವಯಸ್ಸಾದವರು ಇರುತ್ತಾರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳನ್ನು ನಾವೂ ಓದಿದ್ದೇವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಗಲಿನಲ್ಲಿ ಮನೆಗಳಿರುವ ಕಡೆ ಮಿತಿ 55 ಡೆಸಿಬಲ್, ಅಂಗಡಿ ಪೇಟೆ ಇರುವ ಕಡೆ 65. ಸಾರ್ವಜನಿಕ ಜಾಗದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಮಿತಿಗಿಂತ 10 ಡೆಸಿಬಲ್ ಜಾಸ್ತಿ ಅಥವಾ 75, ಯಾವುದು ಕಡಿಮೆಯೋ ಅದನ್ನು ದಾಟಬಾರದು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಮಾಡಬಹುದು. ಇವೆಲ್ಲ ನಮಗೆ ಒಪ್ಪಿಗೆ. ಒಂಬತ್ತಕ್ಕೇ ಮುಗಿಸುತ್ತೇವೆ ಅಂದಿದ್ದು ಅದಕ್ಕೇ. ಬಯಲಿನಲ್ಲಿ ದೂರ ಎರಡರಷ್ಟು ಆದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಬಾಕ್ಸಿನಿಂದ 5 ಮೀಟರಿನಲ್ಲಿ 85 ಇದ್ದರೆ 20 ಮೀಟರಿನಲ್ಲಿ 73, 40 ಮೀಟರಿನಲ್ಲಿ 67. ಐವತ್ತು ಅರವತ್ತು ಜನರಿಗೆ ಕೇಳಿಸಲು ಅದಕ್ಕಿಂತ ಜಾಸ್ತಿ ಸದ್ದು ಯಾಕೆ ಬೇಕು? ಕಟ್ಟೆಯ ಹತ್ತಿರ ಒಂದು ಸದ್ದಿನ ಮೀಟರ್ ಹಾಕಿಬಿಡಿ. ಮೀರಿದವರಿಗೆ ಮುಂದಿನ ತಿಂಗಳು ಅವಕಾಶ ಬೇಡ.

ನಮ್ಮ ಕಷ್ಟ ಇರುವುದು ನಿಯಮದಲ್ಲಿ ಅಲ್ಲ. ನಮ್ಮನ್ನು ಡಿಜೆಯವರ ಸಾಲಿನಲ್ಲಿ ನಿಲ್ಲಿಸುವುದರಲ್ಲಿ. ಒಮ್ಮೆ ಒಂದು ಊರಿನ ಕಾರ್ಯಕ್ರಮಕ್ಕೆ ಅನುಮತಿ ಕೇಳಲು ಒಂದು ಕಚೇರಿಗೆ ಹೋಗಿದ್ದೆವು. ಅಲ್ಲಿಯವರು ಕನ್ನಡಕದ ಮೇಲಿಂದ ನೋಡಿ ಕೇಳಿದರು: ‘ಡಿಜೆ ಐತೋ, ಆರ್ಕೆಸ್ಟ್ರಾ ಐತೋ?’ ಎರಡೂ ಅಲ್ರಿ ಸರ್, ಬ್ಯಾಂಡು. ‘ಲಗ್ನದ ಬ್ಯಾಂಡೇನು?’ ಅಲ್ರಿ. ‘ಹಂಗಾದ್ರ ಡಿಜೆ ಅಂತ ಬರೀರಿ.’ ಡಿಜೆ ಅಂತ ಬರೆದರೆ ಅನುಮತಿ ಸಿಗುವುದಿಲ್ಲ, ಬರೆಯದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಗೋಡೆ ನಡುಗಿಸುವ ಡಿಜೆ ಬಾಕ್ಸುಗಳಿಗೂ ಡೋಲಕದ ಜೊತೆ ಹಾಡುವ ನಮಗೂ ಒಂದೇ ಅಳತೆ ಆದರೆ ಹೇಗೆ? ಕಟ್ಟೆಗೆ ವರ್ಷಕ್ಕೊಮ್ಮೆ ಒಂದೇ ಅನುಮತಿ ಮಾಡಿಟ್ಟರೆ ಪ್ರತಿ ಮೇಳದವರೂ ಕಚೇರಿ ಕಚೇರಿ ಅಲೆಯುವುದು ತಪ್ಪುತ್ತದೆ.

ಉದ್ಘಾಟನೆಯ ಬಗ್ಗೆ ಹೇಳದೆ ಹೋದರೆ ಈ ಪತ್ರ ಪೂರ್ತಿ ಆಗುವುದಿಲ್ಲ. ಒಂದು ಸಮಾರಂಭಕ್ಕೆ ನಮ್ಮನ್ನು ಆರೂವರೆಗೆ ಕರೆದಿದ್ದರು. ಅತಿಥಿಗಳು ಬಂದದ್ದು ಎಂಟಕ್ಕೆ. ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ನೆನಪಿನ ಕಾಣಿಕೆ. ಭಾಷಣ ಎಷ್ಟಾದವು ಅಂತ ಎಣಿಸುವುದನ್ನು ಬಿಟ್ಟೆ. ನಮ್ಮ ಕೈಗೆ ಮೈಕು ಬಂದಾಗ ಹತ್ತಕ್ಕೆ ಸ್ವಲ್ಪವೇ ಉಳಿದಿತ್ತು. ಒಂದೇ ಹಾಡು ಹಾಡಿದೆವು. ಆಮೇಲೆ ನಮಗೂ ಶಾಲು ಹಾಕಿದರು. ನಮ್ಮ ಮನೆಯಲ್ಲಿ ಈಗ ಶಾಲಿಗೆ ಕೊರತೆ ಇಲ್ಲ. ದಯವಿಟ್ಟು ಈ ಕಟ್ಟೆಯನ್ನು ಉದ್ಘಾಟನೆ ಇಲ್ಲದೆ ಶುರು ಮಾಡಿ. ಅತಿಥಿಗಳು ಬರಲಿ, ಬಹಳ ಸಂತೋಷ. ಬಂದು ಜನರ ನಡುವೆ ಕೂತು ಕೇಳಲಿ. ಇಷ್ಟವಾದರೆ ಒನ್ಸ್ ಮೋರ್ ಅನ್ನಲಿ, ಕಂಪನಿ ನಾಟಕದ ಕಾಲದಿಂದ ನಮ್ಮ ಕಡೆ ಮೆಚ್ಚುಗೆ ಅಂದರೆ ಅದೇ.

ಹೆಣ್ಣುಮಕ್ಕಳ ಪರವಾಗಿ ಒಂದು ಮಾತು, ಇದರಲ್ಲಿ ನಗು ಇಲ್ಲ. ಕಟ್ಟೆಯ ಹತ್ತಿರ ಒಂದು ಶೌಚಾಲಯ ಬೇಕು, ನೀರು ಇರುವಂಥದ್ದು. ಬಾಗಿಲಿಗೆ ಒಳಗಿನಿಂದ ಚಿಲಕ ಇರುವಂಥದ್ದು. ನಾನು ಊರೂರಲ್ಲಿ ಗೊತ್ತಿಲ್ಲದವರ ಮನೆ ಬಾಗಿಲು ತಟ್ಟಿದ್ದೇನೆ. ಇಲ್ಲ ಅಂದವರು ಒಬ್ಬರೂ ಇಲ್ಲ. ಚಹಾ ಕೊಟ್ಟಿದ್ದಾರೆ, ರೊಟ್ಟಿ ಕಟ್ಟಿ ಕೊಟ್ಟಿದ್ದಾರೆ. ಆದರೆ ಹಾಡಲು ಬರುವ ಹದಿನೆಂಟು ವರ್ಷದ ಹುಡುಗಿ ಬಾಗಿಲು ತಟ್ಟಲು ನಾಚಿ ಸಂಜೆಯೆಲ್ಲ ನೀರು ಕುಡಿಯದೆ ಕೂರುತ್ತಾಳೆ. ಒಣಗಿದ ಗಂಟಲಲ್ಲಿ ಏನು ಹಾಡುವುದು? ಒಂಬತ್ತಕ್ಕೆ ಮುಗಿದರೆ ಅವಳಿಗೆ ಮನೆಗೆ ಹೋಗಲು ಬಸ್ಸೂ ಇರುತ್ತದೆ, ಮನೆಯವರ ಮುಖವೂ ಸರಿ ಇರುತ್ತದೆ.

ಊರಿನ ಜನರಿಗೆ ನನ್ನದೊಂದು ವಿನಂತಿ. ನಾವು ಹಾಡಲು ನಿಂತ ತಕ್ಷಣ ಹಿಂದಿನಿಂದ ಒಂದು ದನಿ ಬರುತ್ತದೆ: ‘ಏ, ಪಿಚ್ಚರ್ ಹಾಡ ಹಾಡ್ರಲೇ!’ ಬೇಸರವಿಲ್ಲ. ಸಿನಿಮಾ ಹಾಡು ನಮಗೂ ಇಷ್ಟ, ಕೊನೆಗೆ ಒಂದು ಹಾಡುತ್ತೇವೆ. ಆದರೆ ಅದಕ್ಕೆ ಮೊದಲು ನಮ್ಮ ನಾಲ್ಕು ಹಾಡು ಕೇಳಿ. ಚೆನ್ನಾಗಿಲ್ಲ ಅನ್ನಿಸಿದರೆ ಎದ್ದು ಹೋಗಿ, ಅದೂ ನಮಗೆ ಬೇಕು. ಎದ್ದು ಹೋಗಬಲ್ಲವರು ಕೂತಿದ್ದಾರೆ ಅನ್ನುವುದರಲ್ಲೇ ನಮ್ಮ ಅರ್ಧ ಖುಷಿ ಇರುವುದು. ಹಾಗೆ ಕೂತವರೊಬ್ಬರು ಒಮ್ಮೆ ಕಟ್ಟೆ ಹತ್ತಿ ಬಂದು ಹಾಡುಗಾರನ ಅಂಗಿಗೆ ಹತ್ತರ ನೋಟನ್ನು ಪಿನ್ನಿನಿಂದ ಚುಚ್ಚಿ ಹೋದರು. ಜಾತ್ರೆಯ ಆಟದಲ್ಲಿ ಮಾಡುವ ಹಾಗೇ. ಅವನು ಆ ನೋಟನ್ನು ಖರ್ಚು ಮಾಡಿಲ್ಲ. ನಾವು ಮೂರೂ ಜನ ಕೇಳಿದರೂ ಕೊಡುವುದಿಲ್ಲ, ಚಹಾದ ದುಡ್ಡು ಕಡಿಮೆ ಬಿದ್ದಾಗ ಕೂಡ.

ಸಾಹೇಬರೇ, ಅರ್ಜಿಯನ್ನು ಬೇರೆಯಾಗಿ ಕೊಡುತ್ತಿದ್ದೇವೆ. ಜೊತೆಗೆ ಕಟ್ಟೆಯ ನಕ್ಷೆ ಇದೆ. 20 ಅಡಿ ಅಗಲ, 12 ಅಡಿ ಆಳ, ಎರಡು ಅಡಿ ಎತ್ತರ. ಅದಕ್ಕಿಂತ ಎತ್ತರ ಬೇಡ, ಮಕ್ಕಳಿಗೆ ಹತ್ತಲು ಆಗುವುದಿಲ್ಲ. ನಾಲ್ಕು ಪ್ಲಗ್ ಪಾಯಿಂಟು, ಅರ್ಥಿಂಗ್ ಮತ್ತೊಮ್ಮೆ ಕೆಂಪು ಶಾಯಿಯಲ್ಲಿ ಬರೆದಿದ್ದೇವೆ. ಮೇಲೆ ತಗಡಿನ ಚಪ್ಪರ ಬೇಡ, ಮಳೆ ಬಂದರೆ ತಗಡೇ ಹಾಡುತ್ತದೆ. ನಕ್ಷೆ ಬರೆದವನು ಗಿಟಾರಿನವನು, ಗೆರೆ ಸ್ವಲ್ಪ ಸೊಟ್ಟ ಇದೆ, ಅಳತೆ ಸರಿ ಇದೆ. ವೈರು, ಮಿಕ್ಸರ್, ಬಾಕ್ಸು ಆಯಾ ಮೇಳದವರೇ ತರುತ್ತಾರೆ. ಕಸ ಗುಡಿಸುವ ಜವಾಬ್ದಾರಿ ಮೊದಲ ವರ್ಷ ನಮ್ಮದು. ಮಳೆ ಹಿಂದೆ ಸರಿದ ಮೇಲೆ, ದಸರಾ ಕಳೆದು ಬರುವ ಭಾನುವಾರದಿಂದ ಶುರು ಮಾಡಬಹುದು. ಮೊದಲ ಭಾನುವಾರ ಹಲಸಂಗಿ ಕಡೆಯ ಲಾವಣಿ ಮೇಳದವರನ್ನು ಕರೆಯಿರಿ. ನಾವು ಮುಂದಿನ ತಿಂಗಳ ಭಾನುವಾರಕ್ಕೆ ಬರುತ್ತೇವೆ. ಅವರ ಸವಾಲಿಗೆ ಜವಾಬು ಕಟ್ಟಲು ನಮಗೂ ಒಂದು ತಿಂಗಳು ಬೇಕು.

ಇತಿ,
ಬೇಸ್ ಗಿಟಾರ್ ನುಡಿಸುವವಳು,
ವಿಜಯಪುರ